ತವರಿನ ಹೆರಿಗೆ ಯಾರ ಲೆಕ್ಕಕ್ಕೆ?

ಕಳೆದ ತಿಂಗಳು ನಮ್ಮ ಹಳೆಯ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ಸರ್ಕಾರದ ಒಂದು ಯೋಜನೆಯಿಂದ ಜನಕ್ಕೆ ನಿಜವಾಗಿ ಉಪಯೋಗವಾಯಿತೋ ಇಲ್ಲವೋ ನೋಡಿ ವರದಿ ಬರೆಯುವುದು ಆ ಕಚೇರಿಯ ಕೆಲಸ. ನಾನು ಊರೂರು ತಿರುಗಿ ಮಾಹಿತಿ ತರುವ ತನಿಖೆಗಾರ್ತಿಯಾಗಿ ಅಲ್ಲಿಗೆ ಸೇರಿ, ಅಲ್ಲೇ ತಲೆಕೂದಲು ಬೆಳ್ಳಗೆ ಮಾಡಿಕೊಂಡವಳು. 'ಮೇಡಂ, ಮೌಲ್ಯಮಾಪನಕ್ಕೆ ಯಾವ ವಿಧಾನ ಆರಿಸಿಕೊಂಡರೆ ಒಳ್ಳೆಯದು?' ಎಂದು ಕೇಳಿದರು. ಕಾಫಿ ಕೊಟ್ಟೆ, ಉತ್ತರ ಕೊಡಲಿಲ್ಲ. ಉತ್ತರ ಗೊತ್ತಿಲ್ಲವೆಂದಲ್ಲ. ಹೇಳಲು ಹೊರಟರೆ ಜಗಳೂರು ಕಡೆಯ ಓಬಮ್ಮನ ವಿಷಯ ಬರುತ್ತದೆ, ಬಂದರೆ ಆ ದಿನ ನನಗೆ ಊಟ ಸೇರುವುದಿಲ್ಲ. ಅವರು ಹೋದ ಮೇಲೆ ಮನಸ್ಸು ತಡೆಯದೆ ಬರೆಯಲು ಕೂತಿದ್ದೇನೆ. ಬಡ್ತಿ, ವರ್ಗಾವಣೆಗಳ ಕತೆ ಇದರಲ್ಲಿಲ್ಲ. ಅದು ಬೇಕಾದವರು ನನ್ನ ಸೇವಾ ಪುಸ್ತಕ ಓದಿಕೊಳ್ಳಲಿ.

ನಾನು ಸೇರಿದ್ದು ಎಪ್ಪತ್ತರ ದಶಕದ ಮೊದಲಲ್ಲಿ. ದಾವಣಗೆರೆಯ ಶಾಖೆಯಲ್ಲಿ ಹೆಂಗಸು ಎಂದರೆ ನಾನೊಬ್ಬಳೇ. ನಮ್ಮ ಮೇಲಧಿಕಾರಿಯನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದೆವು, ನಾನೂ ಹಾಗೇ ಬರೆಯುತ್ತೇನೆ. ಸಂಖ್ಯಾಶಾಸ್ತ್ರ ಓದಿಕೊಂಡವರು, ಕೈ ಶುದ್ಧ, ಬಾಯಿ ಬಿಗಿ. ಯಾವ ಶಾಸಕರ ಫೋನಿಗೂ ಒಂದು ಅಂಕಿ ಬದಲಾಯಿಸಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದಿ ನೀವು ಅವರನ್ನು ಕೆಟ್ಟವರೆಂದುಕೊಳ್ಳಬಾರದು. ಕೆಟ್ಟವರಾಗಿದ್ದರೆ ನನಗೆ ಬೈದುಕೊಂಡು ಸುಮ್ಮನಿರಲು ಎಷ್ಟು ಸುಲಭವಾಗುತ್ತಿತ್ತು.

ಅವರಿಂದ ಕಲಿತ ಮೊದಲ ಪಾಠ ಸಂತೇಬೆನ್ನೂರಿನದು. ಸುಧಾರಿತ ಜೋಳದ ಬೀಜ ಹಂಚಿದ ಯೋಜನೆ ಹೇಗೆ ನಡೆದಿದೆ ಎಂದು ನೋಡಲು ನನ್ನನ್ನೂ ಬಸವರಾಜಪ್ಪನನ್ನೂ ಚನ್ನಗಿರಿ ತಾಲ್ಲೂಕಿಗೆ ಕಳಿಸಿದ್ದರು. ಬಸವರಾಜಪ್ಪ ನನ್ನ ಜೊತೆಯ ತನಿಖೆಗಾರ, ನನಗಿಂತ ಚಿಕ್ಕವನು, ನಿಯಮ ಅಂದರೆ ನಿಯಮ ಎನ್ನುವ ಮನುಷ್ಯ. ಬಸ್ಸು ಸುಲಭವಾಗಿ ಸಿಗುತ್ತದೆಂದು ಸಂತೆಯ ದಿನವೇ ಹೋದೆವು. ಮನೆಮನೆ ತಿರುಗಿದೆವು, ಸಿಕ್ಕವರಿಗೆಲ್ಲ ಕೇಳಿದೆವು, ಬಂದು ಬರೆದೆವು: ಈ ಬೀಜದಿಂದ ಮಾರುವಷ್ಟು ಬೆಳೆ ಯಾರಿಗೂ ಬಂದಿಲ್ಲ. ಸಾಹೇಬರು ಓದಿ, ಕನ್ನಡಕ ತೆಗೆದಿಟ್ಟು, ಮಾರುವಷ್ಟು ಬೆಳೆದವರು ಸಂತೆಯ ದಿನ ಮನೆಯಲ್ಲಿ ಯಾಕೆ ಕೂತಿರುತ್ತಾರೆ ಎಂದು ಕೇಳಿದರು. ನಾವು ಮಾತನಾಡಿಸಿದ್ದು ಮಾರಲು ಏನೂ ಇಲ್ಲದವರನ್ನು ಮಾತ್ರ. ಬೈಯಲಿಲ್ಲ, ಮತ್ತೆ ಕಳಿಸಿದರು. ಕೇಳುವ ಪ್ರಶ್ನೆಗಿಂತ ಯಾರನ್ನು ಕೇಳುತ್ತೇವೆ ಎನ್ನುವುದು ದೊಡ್ಡದು ಎಂದು ನನ್ನ ತಲೆಗೆ ಹತ್ತಿಸಿದವರು ಅವರೇ.

ಹೀಗೆ ಕೆಲವು ವರ್ಷ ಕಳೆದು, ಆ ದಶಕದ ಕೊನೆಯ ಹೊತ್ತಿಗೆ ಸೂಲಗಿತ್ತಿಯರ ತರಬೇತಿಯ ಮೌಲ್ಯಮಾಪನ ನಮ್ಮ ಪಾಲಿಗೆ ಬಂತು. ಆಗ ಹಳ್ಳಿಯ ಹೆರಿಗೆಗಳೆಲ್ಲ ಮನೆಯಲ್ಲೇ. ಹೊಕ್ಕುಳ ಬಳ್ಳಿಯನ್ನು ಕೈಗೆ ಸಿಕ್ಕ ಕುಡುಗೋಲಿನಲ್ಲಿ ಕೊಯ್ಯುವುದು, ಗಾಯಕ್ಕೆ ಬೂದಿ ಹಚ್ಚುವುದು. ವಾರ ತುಂಬುವಷ್ಟರಲ್ಲಿ ಕೂಸಿನ ದವಡೆ ಬಿಗಿದುಕೊಂಡು, ಹಾಲು ಕುಡಿಯಲಾಗದೆ, ಮೈ ಸೆಟೆದು ಸಾಯುವುದು. ಧನುರ್ವಾಯು ಅದು. ಹಳ್ಳಿಯವರು ಗಾಳಿ ಎನ್ನುತ್ತಿದ್ದರು, ದೃಷ್ಟಿ ಎನ್ನುತ್ತಿದ್ದರು. ಸರ್ಕಾರ ಊರಿನ ಸೂಲಗಿತ್ತಿಯನ್ನೇ ಆಸ್ಪತ್ರೆಗೆ ಕರೆಸಿ ಕೆಲವು ವಾರ ಕಲಿಸಿ, ಬ್ಲೇಡು, ದಾರ, ಸೋಪು, ಅರಿವೆ ಇರುವ ಒಂದು ಡಬ್ಬಿ ಕೊಟ್ಟು ಕಳಿಸುವ ಯೋಜನೆ ಮಾಡಿತು. ನಮ್ಮ ಭಾಗದಲ್ಲಿ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕಿನಲ್ಲಿ ಮೊದಲು ಶುರುವಾಯಿತು. ಇಂದು ತಾಲ್ಲೂಕಾಗಿರುವ ನ್ಯಾಮತಿ ಆಗ ಹೊನ್ನಾಳಿಗೇ ಸೇರಿತ್ತು. ಅಲ್ಲಿ ಫಲ ಕಂಡರೆ ಜಗಳೂರಿಗೂ ಕೊಡುವುದು, ಕಾಣದಿದ್ದರೆ ನಿಲ್ಲಿಸುವುದು. ಫಲ ಕಂಡಿತೋ ಇಲ್ಲವೋ ಹೇಳಬೇಕಾದವರು ನಾವು.

ಸಾಹೇಬರು ವಿಧಾನ ಗೊತ್ತುಮಾಡಿದರು. ತರಬೇತಿ ಆದ ಎರಡು ತಾಲ್ಲೂಕು ಒಂದು ಕಡೆ, ಆಗದ ಜಗಳೂರು ಹೋಲಿಕೆಗೆ ಇನ್ನೊಂದು ಕಡೆ. ಊರಿನ ಮನೆಗಳಲ್ಲಿ ಚೀಟಿ ಎತ್ತಿ ಕೆಲವನ್ನು ಆರಿಸುವುದು. ಆ ಕುಟುಂಬದಲ್ಲಿ ಒಂದು ವರ್ಷದೊಳಗೆ ಹೆರಿಗೆ ಆಗಿದೆಯೇ, ಆಗಿದ್ದರೆ ಊರಿನ ಸೂಲಗಿತ್ತಿ ಬಂದಿದ್ದಳೇ, ಕೂಸು ಉಳಿಯಿತೇ ಎಂದು ಕೇಳುವುದು. ಕುಟುಂಬ ಎಂದರೆ ಯಾರು ಎನ್ನುವುದಕ್ಕೆ ಕಚೇರಿಯ ಕೈಪಿಡಿಯಲ್ಲಿ ಅಚ್ಚುಕಟ್ಟಾದ ವ್ಯಾಖ್ಯೆ ಇತ್ತು: ಒಂದೇ ಒಲೆಯ ಅಡುಗೆ ಉಂಡು, ಆ ಮನೆಯಲ್ಲಿ ಕಾಯಂ ಆಗಿ ವಾಸಿಸುವವರು. ಬಂದು ಹೋಗುವವರು ಅತಿಥಿಗಳು, ಅವರನ್ನು ಸೇರಿಸಬಾರದು. ಕೇಳಲು ಎಷ್ಟು ಚಂದ. ಕೋಣೆಯಲ್ಲಿ ಕೂತಿದ್ದ ಅಷ್ಟು ಜನರಿಗೂ ಅದರಲ್ಲಿ ಒಂದು ಕುಂದೂ ಕಾಣಲಿಲ್ಲ.

ಮೊದಲು ಜಗಳೂರು ಕಡೆ ಮುಗಿಸಲು ನನ್ನನ್ನು ಕಳಿಸಿದರು. ಆಗ ನಾನು ಬಸುರಿ, ಹೊಟ್ಟೆ ಕಾಣುತ್ತಿತ್ತು. ಜಗಳೂರಿನಿಂದ ಸ್ವಲ್ಪ ಒಳಗಿನ ಹಳ್ಳಿ, ರಸ್ತೆಯಿಂದ ನಡೆದೇ ಹೋಗಬೇಕು. ಅಲ್ಲಿ ಹೆರಿಗೆ ಮಾಡಿಸುತ್ತಿದ್ದವಳು ಓಬಮ್ಮ. ನಡುವಯಸ್ಸಿನ ಹೆಂಗಸು, ಸಣ್ಣ ಮೈ, ದೊಡ್ಡ ಅಂಗೈ. ನನ್ನನ್ನು ನೋಡಿದವಳೇ ಪ್ರಶ್ನೆಗೆ ಮೊದಲು ಗದರಿಸಿದಳು, ಈ ಹೊಟ್ಟೆ ಹೊತ್ತುಕೊಂಡು ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದೆಯಾ ಎಂದು. ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು. ಹೊನ್ನಾಳಿ ಕಡೆ ತನ್ನಂಥವರನ್ನು ಆಸ್ಪತ್ರೆಗೆ ಕರೆದು ಕಲಿಸುತ್ತಿದ್ದಾರೆಂದು ಯಾರೋ ನೆಂಟರು ಅವಳಿಗೆ ಹೇಳಿದ್ದರು.

"ನೀವು ಕಲಿಸಾಕೆ ಬಂದೀರೇನ್ರಿ?" ಎಂದು ಕೇಳಿದಳು.

ಕಲಿಸಲು ಅಲ್ಲ, ಕೇಳಲು ಬಂದಿದ್ದೇನೆ ಎಂದೆ. ಅವಳ ಮುಖ ಇಳಿಯಿತು. ತನ್ನ ಕೈಯಲ್ಲಿ ಹುಟ್ಟಿದ ಕೂಸುಗಳಲ್ಲಿ ಕೆಲವು ಚೆನ್ನಾಗಿಯೇ ಅತ್ತು, ಹಾಲು ಕುಡಿದು, ವಾರದೊಳಗೆ ಸೆಟೆದು ಹೋಗುತ್ತವೆ, ತಾನು ಏನು ತಪ್ಪು ಮಾಡುತ್ತಿದ್ದೇನೋ ತಿಳಿಯದು ಎಂದಳು. ಊರಿನ ಮಂದಿ ಅವಳ ಕೈಗುಣ ಸರಿಯಿಲ್ಲ ಎಂದು ಹಿಂದಿನಿಂದ ಆಡುತ್ತಿದ್ದರಂತೆ. ನನಗೆ ಕಾರಣ ಗೊತ್ತಿತ್ತು. ಹೋಲಿಕೆಯ ತಾಲ್ಲೂಕಿನಲ್ಲಿ ಏನನ್ನೂ ತಿಳಿಸಿಕೊಡಬಾರದು, ತಿಳಿಸಿದರೆ ಹೋಲಿಕೆ ಕೆಡುತ್ತದೆ ಎನ್ನುವ ನಿಯಮವೂ ಗೊತ್ತಿತ್ತು. ಆದರೂ ಕುಡುಗೋಲು ಬಿಟ್ಟು ಹೊಸ ಬ್ಲೇಡನ್ನು ಕುದಿಸಿ ಕೊಯ್ಯಬೇಕು, ಬೂದಿ ಹಚ್ಚಬಾರದು ಎಂದು ಹೇಳಿದೆ. ಬಸವರಾಜಪ್ಪ ಪಕ್ಕದಲ್ಲಿದ್ದಿದ್ದರೆ ಹೌಹಾರುತ್ತಿದ್ದ. ಓಬಮ್ಮ ತಲೆಯಾಡಿಸಿದಳು. ಆದರೆ ತಾನು ಹೇಳಿದರೆ ಮನೆಯ ಮುದುಕಿಯರು ಕೇಳುವುದಿಲ್ಲ, ಕುಡುಗೋಲು ಅವರೇ ತಂದು ಕೈಗೆ ಕೊಡುತ್ತಾರೆ, ಬೂದಿ ಅವರೇ ಮೆತ್ತುತ್ತಾರೆ ಎಂದಳು. ಆಸ್ಪತ್ರೆಯವರು ಕರೆದು ಕಲಿಸಿ ಡಬ್ಬಿ ಕೊಟ್ಟರೆ ಆಗ ತನ್ನ ಮಾತಿಗೆ ಬೆಲೆ ಬರುತ್ತದೆ. ಅದು ನಿಜವಾದ ಮಾತು. ನಮ್ಮ ವರದಿ ಆದ ಮೇಲೆ ಇಲ್ಲಿಗೂ ಬರುತ್ತದೆ ಎಂದು ಹೇಳಿ ಬಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನಿಜವಾಗಿ ಆದ ಫಲ ವರದಿಯಲ್ಲಿ ಬಾರದೆ ಹೋಗುತ್ತದೆಂದು ನನಗೆ ಅನ್ನಿಸಿರಲೇ ಇಲ್ಲ.

ಏಳು ತುಂಬಿದ ಮೇಲೆ ರಜೆ ಹಾಕಿ ತವರಿಗೆ ಹೋದೆ. ನನ್ನ ತವರು ನ್ಯಾಮತಿ, ಅಪ್ಪನದು ಪೇಟೆಯಲ್ಲಿ ಹೊಲಿಗೆ ಅಂಗಡಿ. ಹೆಣ್ಣುಮಗು ಹುಟ್ಟಿತು. ಹೆರಿಗೆ ಮಾಡಿಸಿದ್ದು ನಮ್ಮ ಬೀದಿಯ ಹಿಂದಿನ ಹಾಲಮ್ಮ, ಹೊನ್ನಾಳಿ ಆಸ್ಪತ್ರೆಯಲ್ಲಿ ತರಬೇತಿ ಪಡೆದು ಬಂದವಳು. ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದದ್ದನ್ನೂ, ಬಿಸಿನೀರಿನ ಪಾತ್ರೆಗೆ ಬ್ಲೇಡು ಹಾಕಿದ್ದನ್ನೂ ಆ ನೋವಿನಲ್ಲೂ ನಾನು ನೋಡುತ್ತಿದ್ದೆ. ನಮ್ಮಜ್ಜಿ ಬೂದಿ ತಂದಾಗ ಹಾಲಮ್ಮ ಡಬ್ಬಿ ಎತ್ತಿ ತೋರಿಸಿ, ದೊಡ್ಡ ಡಾಕ್ಟರು ಬೇಡ ಅಂದಾರೆ ಎಂದಳು. ಅಜ್ಜಿ ಗೊಣಗಿಕೊಂಡು ಹಿಂದೆ ಹೋದರು. ಯೋಜನೆ ಫಲ ಕೊಟ್ಟಿದೆ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು.

ತಿಂಗಳೊಪ್ಪತ್ತು ಕಳೆದಿರಬೇಕು. ಬೆಳಿಗ್ಗೆ ಹಾಲಮ್ಮ ಬಚ್ಚಲಲ್ಲಿ ಕಾಲು ನೀಡಿ ಕೂತು ಮಗುವಿಗೆ ಎರೆಯುತ್ತಿದ್ದಳು. ನಾನು ಬಾಣಂತಿ ಕೋಣೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದೆ. ಹೊರಗೆ ಬಸವರಾಜಪ್ಪನ ದನಿ ಕೇಳಿಸಿತು. ನ್ಯಾಮತಿಯಲ್ಲಿ ಚೀಟಿ ಎತ್ತುವಾಗ ನಮ್ಮ ಮನೆಯೇ ಬಂದುಬಿಟ್ಟಿತ್ತು. ಅವನು ಕಾಫಿ ಕುಡಿದ, ಮಗಳು ಹುಟ್ಟಿದ್ದಕ್ಕೆ ಸಂತೋಷ ಹೇಳಿದ, ಬಾಗಿಲ ಸಂದಿನಿಂದಲೇ ನನ್ನ ಆರೋಗ್ಯ ವಿಚಾರಿಸಿದ. ಆಮೇಲೆ ಪ್ರಶ್ನಾವಳಿ ಬಿಡಿಸಿ, ದನಿ ಬದಲಾಯಿಸಿಕೊಂಡು, ಈ ಕುಟುಂಬದ ಸದಸ್ಯರಲ್ಲಿ ಯಾರಿಗಾದರೂ ಒಂದು ವರ್ಷದೊಳಗೆ ಹೆರಿಗೆ ಆಗಿದೆಯೇ ಎಂದು ಅಪ್ಪನನ್ನು ಕೇಳಿದ.

"ನಮ್ಮನೆಯೋರಿಗೆ ಯಾರಿಗೂ ಆಗಿಲ್ಲ. ಇವಳನ್ನ ಕೊಟ್ಟ ಮೇಲೆ ಇವಳು ಆ ಮನೆಯೋಳು, ಕೂಸೂ ಆ ಮನೇದು. ಅದನ್ನ ದಾವಣಗೆರ್ಯಾಗೆ ಬರ್ಕೋಬೇಕು ನೀವು" ಎಂದರು ಅಪ್ಪ.

ಹೌದು ಹೌದು, ಅದೇ ಸರಿ ಎಂದ ಬಸವರಾಜಪ್ಪ. ಊರಿನ ಸೂಲಗಿತ್ತಿಯ ನೆರವನ್ನು ಈ ಕುಟುಂಬ ಪಡೆದಿದೆಯೇ ಎಂಬ ಮುಂದಿನ ಪ್ರಶ್ನೆಗೂ ಇಲ್ಲ ಎಂದು ತಾನೇ ತುಂಬಿಕೊಂಡ. ಅದೇ ಹೊತ್ತಿಗೆ ಬಚ್ಚಲಿನಿಂದ ನನ್ನ ಮಗಳು ಮನೆ ಹಾರಿಹೋಗುವಂತೆ ಕಿರುಚುತ್ತಿದ್ದಳು, ಹಾಲಮ್ಮ ಅವಳ ನೆತ್ತಿ ತಟ್ಟುತ್ತಿದ್ದಳು. ಮೊದಲು ನನಗೆ ನಗು ಬಂತು. ಹಸಿ ಮೈ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗು ಅರ್ಧಕ್ಕೇ ನಿಂತಿತು.

ದಾವಣಗೆರೆಯಲ್ಲಿ ಬರೆದುಕೊಳ್ಳುವವರು ಯಾರೂ ಇರಲಿಲ್ಲ, ಅದು ನಾವು ಆರಿಸಿದ ಊರುಗಳಲ್ಲೇ ಇಲ್ಲ. ಇದ್ದಿದ್ದರೂ ಅಲ್ಲಿ ನಮ್ಮತ್ತೆ, ನಿಮ್ಮೂರಿನ ಸೂಲಗಿತ್ತಿ ಬಂದಿದ್ದಳೇ ಎಂದರೆ ಇಲ್ಲ ಎನ್ನುತ್ತಿದ್ದರು, ಅದೂ ನಿಜವೇ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಲ್ಲಿ, ಬಹಳ ಮನೆಗಳಲ್ಲಿ ಎರಡನೆಯದೂ ತವರಲ್ಲಿ. ಗಂಡನ ಮನೆಯಲ್ಲಿ ಹೆರುವ ಹೊತ್ತಿಗೆ ಮೂರನೆಯದೋ ನಾಲ್ಕನೆಯದೋ ಆಗಿರುತ್ತದೆ, ಅತ್ತೆಯೇ ಸುಧಾರಿಸುತ್ತಾಳೆ, ಸೂಲಗಿತ್ತಿಗೆ ಹೇಳಿ ಕಳಿಸುವುದಿಲ್ಲ. ಅಂದರೆ ಹಾಲಮ್ಮನಂಥವಳು ಉಳಿಸುವುದು ಊರಿನ ಹೆಣ್ಣುಮಕ್ಕಳ ಕೂಸುಗಳನ್ನು. ನಾವು ಕೇಳುತ್ತಿದ್ದದ್ದು ಊರಿನ ಸೊಸೆಯರ ಕೂಸುಗಳ ಬಗ್ಗೆ. ಹೆರಲು ಬಂದ ಮಗಳು ನಮ್ಮ ಕೈಪಿಡಿಯಲ್ಲಿ ಅತಿಥಿ. ಆ ಕಚೇರಿಯಲ್ಲಿದ್ದ ಪ್ರತಿಯೊಬ್ಬನ ಹೆಂಡತಿಯೂ ತವರಿಗೆ ಹೋಗಿ ಹೆತ್ತವಳೇ, ಸೀಮಂತ ಮಾಡಿ ಕಳಿಸಿದವರು ಅವರೇ. ಆದರೂ ಮೇಜಿನ ಮುಂದೆ ಕೂತಾಗ ಒಬ್ಬನಿಗೂ ಹೊಳೆಯಲಿಲ್ಲ. ಬಸುರಿಯಾಗಿ ಅಲ್ಲೇ ಕೂತಿದ್ದ ನನಗೂ ಹೊಳೆಯಲಿಲ್ಲ.

ಮೂರು ತಿಂಗಳು ಕಳೆಯುತ್ತಲೇ ಮಗುವನ್ನು ಅಮ್ಮನ ಮಡಿಲಿಗೆ ಹಾಕಿ ಹತ್ತಿರದ ಸವಳಂಗಕ್ಕೆ ಬಸ್ಸು ಹತ್ತಿದೆ. ಅಲ್ಲಿಯ ತರಬೇತಿ ಆದ ಸೂಲಗಿತ್ತಿಯ ಜೊತೆ ಜಗಲಿಯಲ್ಲಿ ಕೂತು, ತರಬೇತಿ ಆದಮೇಲೆ ಯಾವ ಯಾವ ಮನೆಯಲ್ಲಿ ಹೆರಿಗೆ ಮಾಡಿಸಿದೆ ಎಂದು ಬೀದಿ ಹಿಡಿದು ಹೇಳಿಸಿದೆ. ಮನೆ ಹೇಳುತ್ತಿದ್ದಳು, ಹೆತ್ತವಳ ಹೆಸರು ಹೇಳುತ್ತಿದ್ದಳು, ಯಾವ ಊರಿಗೆ ಕೊಟ್ಟಿದ್ದಾರೆ ಹೇಳುತ್ತಿದ್ದಳು. ಆ ಮನೆಗಳಿಗೆ ಹೋಗಿ ವಿಚಾರಿಸಿದೆ. ಹೆಚ್ಚಿನವೆಲ್ಲ ತವರಿಗೆ ಬಂದವರ ಹೆರಿಗೆಗಳು. ತಾಯಂದಿರು ಕೂಸು ಎತ್ತಿಕೊಂಡು ಗಂಡನ ಮನೆ ಸೇರಿದ್ದರು, ಕೂಸುಗಳು ಚೆನ್ನಾಗಿವೆ ಎಂದು ಅಜ್ಜಿಯರು ಹೇಳಿದರು. ಕೇಳುವ ವಿಧಾನ ಇದಾಗಬೇಕಿತ್ತು: ಮನೆಯಿಂದ ಹೊರಡದೆ, ಸೂಲಗಿತ್ತಿಯಿಂದ ಹೊರಟು ಅವಳು ಮುಟ್ಟಿದ ಕೂಸುಗಳನ್ನು ಹಿಂಬಾಲಿಸುವುದು.

ರಜೆ ಮುಗಿಸಿ ಹೋದವಳೇ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು.

"ನೀನು ಹೇಳೋದು ನಿಜ ಇರಬಹುದು ಸರೋಜಮ್ಮ. ಆದರೆ ಎರಡು ತಾಲ್ಲೂಕು ಮುಗಿದಿದೆ. ಈಗ ವ್ಯಾಖ್ಯೆ ಬದಲಾಯಿಸಿದರೆ ಅರ್ಧಕ್ಕೆ ಒಂದು ಅಳತೆ, ಇನ್ನರ್ಧಕ್ಕೆ ಇನ್ನೊಂದು ಅಳತೆ. ಅದನ್ನ ಅಧ್ಯಯನ ಅಂತಾರಾ?"

ಮೊದಲಿನಿಂದ ಮಾಡೋಣ ಎಂದೆ. ಮಾರ್ಚಿಗೆ ಹಣ ವಾಪಸು ಹೋಗುತ್ತದೆ, ಯೋಜನೆ ಮುಂದುವರಿಸಬೇಕೋ ಬೇಡವೋ ತೀರ್ಮಾನಿಸುವ ಸಮಿತಿಯ ಸಭೆ ನಿಗದಿಯಾಗಿದೆ ಎಂದರು. ಸವಳಂಗದ್ದನ್ನು ತೋರಿಸಿದೆ. ಒಬ್ಬಳು ತನ್ನ ಕೆಲಸದ ಬಗ್ಗೆ ತಾನೇ ಹೇಳಿಕೊಂಡದ್ದು ಕತೆ, ಮಾಹಿತಿ ಅಲ್ಲ ಎಂದರು. ಒಂದೊಂದು ಮಾತೂ ಪಾಠದಲ್ಲಿ ಇರುವಂಥದ್ದೇ, ತಪ್ಪೆಂದು ಯಾರೂ ಹೇಳಲಾರರು. ಅದಕ್ಕೇ ನನಗೆ ಇಂದಿಗೂ ಹೊಟ್ಟೆ ಉರಿಯುವುದು. ನಾನು ಪಟ್ಟು ಬಿಡದಾಗ, ಸವಳಂಗದ ವಿಷಯವನ್ನು ವರದಿಯ ಕೊನೆಗೆ ಅನುಬಂಧವಾಗಿ ಸೇರಿಸಲು ಒಪ್ಪಿದರು. ಆಗೆಲ್ಲ ವರದಿ ಎಂದರೆ ಸ್ಟೆನ್ಸಿಲ್ ಎಂಬ ಮೇಣದ ಹಾಳೆ ಕೊರೆದು ಸೈಕ್ಲೋಸ್ಟೈಲ್ ಯಂತ್ರದಲ್ಲಿ ತಿರುವಿ ತೆಗೆಯುವುದು. ಸಭೆಯ ಹಿಂದಿನ ದಿನ ಸ್ಟೆನ್ಸಿಲ್ ಸಾಲದೆ ಬಂತು. ಅನುಬಂಧ ಆಮೇಲೆ ಕಳಿಸಿದರಾಯಿತು ಎಂದು ಬಿಟ್ಟರು. ಸಮಿತಿ ಓದಿದ್ದು ಒಂದೇ ಮಾತು: ತರಬೇತಿ ಪಡೆದ ಸೂಲಗಿತ್ತಿಯರನ್ನು ಜನ ಬಳಸುತ್ತಿಲ್ಲ. ಜಗಳೂರಿಗೆ ಯೋಜನೆ ಬರಲಿಲ್ಲ. ಹೊನ್ನಾಳಿ, ಚನ್ನಗಿರಿಯಲ್ಲೂ ಡಬ್ಬಿಗೆ ಸಾಮಾನು ತುಂಬಿಸಿ ಕೊಡುವುದು ನಿಧಾನವಾಗಿ ನಿಂತುಹೋಯಿತು. ಸಾಹೇಬರ ವರದಿ ಅಚ್ಚುಕಟ್ಟಾಗಿದೆ ಎಂದು ಮೇಲಿನಿಂದ ಮೆಚ್ಚುಗೆ ಬಂತು.

ಎಂಬತ್ತರ ದಶಕ ಬಂತು, ವಿಧಾನಗಳು ಬದಲಾದವು. ಮೊದಲು ಐದೈದು ಗೀಟು ಎಳೆದು ಎಣಿಸುತ್ತಿದ್ದೆವು, ಈಗ ಉತ್ತರಗಳನ್ನೆಲ್ಲ ಸಂಕೇತ ಮಾಡಿ ಬೆಂಗಳೂರಿನ ಕಂಪ್ಯೂಟರಿಗೆ ಕಳಿಸಿದರೆ ಅಗಲವಾದ ಹಾಳೆಗಳಲ್ಲಿ ಕೋಷ್ಟಕ ಬರುತ್ತಿತ್ತು. ಚನ್ನಗಿರಿ ಕಡೆ ಹೊಗೆ ಬಾರದ ಒಲೆಗಳ ಮೌಲ್ಯಮಾಪನ ಮಾಡಿದೆವು. ಒಲೆ ಕಟ್ಟಿಸಿದೆಯೇ, ಕೊಳವೆ ಇದೆಯೇ ಎಂಬ ಪ್ರಶ್ನೆಗಳಿಗೆಲ್ಲ ಹೌದು ಎಂದೇ ಬಂತು. ಒಂದು ಮನೆಯಲ್ಲಿ ಆ ಒಲೆಯೊಳಗೆ ಕೋಳಿ ಕಾವಿಗೆ ಕೂತಿತ್ತು, ಹೊರಗೆ ಮೂರು ಕಲ್ಲಿನ ಮೇಲೆ ಅನ್ನ ಬೇಯುತ್ತಿತ್ತು. ಒಲೆ ಉರಿಸುತ್ತೀರಾ ಎಂಬ ಪ್ರಶ್ನೆಯೇ ನಮ್ಮಲ್ಲಿ ಇರಲಿಲ್ಲ. ಈ ಸಲ ನಾನು ಹಟ ಹಿಡಿದು ಆ ಪ್ರಶ್ನೆ ಸೇರಿಸಿ ಮತ್ತೆ ತಿರುಗಿಸಿದೆ. ಆ ಹೊತ್ತಿಗೆ ನನ್ನ ಮಾತು ನಡೆಯುವಷ್ಟು ಹಿರಿತನ ಬಂದಿತ್ತು. ಒಲೆಗೆ ಬಂತು, ಕೂಸಿಗೆ ಬರಲಿಲ್ಲ ಎಂದು ಆ ದಿನ ನನ್ನನ್ನು ನಾನೇ ಚುಚ್ಚಿಕೊಂಡೆ.

ನಿವೃತ್ತರಾಗಿದ್ದ ಸಾಹೇಬರು ಒಮ್ಮೆ ದಾವಣಗೆರೆ ಬಸ್ ನಿಲ್ದಾಣದಲ್ಲಿ ಸಿಕ್ಕಿದರು, ಮಗುವನ್ನು ಎತ್ತಿಕೊಂಡ ಮಗಳ ಜೊತೆ. ಬಾಣಂತನ ಮುಗಿದು ಗಂಡನ ಮನೆಗೆ ಕಳಿಸುತ್ತಿದ್ದರು. ಮಗಳು ಬಸ್ಸು ಹತ್ತಿದ ಮೇಲೆ, "ನಮ್ಮ ಮನೆಯಲ್ಲೇ ಹುಟ್ಟಿತು ಸರೋಜಮ್ಮ. ನಮ್ಮ ಲೆಕ್ಕಕ್ಕೇ ಬರದು ನೋಡು" ಎಂದರು. ಅವರಿಗೂ ಅದು ಒಳಗೆ ಕೊರೆಯುತ್ತಿತ್ತೆಂದು ತಿಳಿದು ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಆ ದಶಕದ ನಡುವೆ ಕೊಳವೆಬಾವಿಗಳ ಮೌಲ್ಯಮಾಪನಕ್ಕೆಂದು ಮತ್ತೆ ಜಗಳೂರಿಗೆ ಹೋದೆ. ಪಟ್ಟಿಯಲ್ಲಿ ಆ ಹಳ್ಳಿಯೂ ಇತ್ತು. ಬೇರೆಯವರನ್ನು ಕಳಿಸಬಹುದಿತ್ತು, ನಾನೇ ಹೋದೆ. ಓಬಮ್ಮನ ತಲೆ ನೆರೆತಿತ್ತು. ಗುರುತು ಹಿಡಿದಳು, ಚಾಪೆ ಹಾಸಿದಳು. ಕಲಿಸಲು ಯಾರೂ ಬರಲಿಲ್ಲ ಎಂದು ನಾನೇ ಮೊದಲು ಹೇಳಿದೆ. ಹೌದು, ಬರುತ್ತಾರೆಂದು ಬಹಳ ದಿನ ನೋಡಿದೆ ಎಂದಳು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು.

ತನ್ನ ಮಗಳು ಚೊಚ್ಚಲ ಹೆರಿಗೆಗೆ ಬಂದ ವಿಷಯ ಹೇಳಿದಳು. ಹೆರಿಗೆ ಓಬಮ್ಮನೇ ಮಾಡಿಸಿದಳು. ನಾನು ಹೇಳಿದ್ದಂತೆ ಬ್ಲೇಡು ಕುದಿಸಿಯೇ ಕೊಯ್ದಿದ್ದಳು. ಆದರೆ ಮಗಳ ಅತ್ತೆ ಬಂದು, ನಿನ್ನ ಕೈಗುಣ ಊರಿಗೇ ಗೊತ್ತು, ಬೂದಿಯೂ ಹಚ್ಚದೆ ಕೂಸನ್ನು ಕೊಲ್ಲುತ್ತೀಯಾ ಎಂದು ತಾನೇ ಹಚ್ಚಿದಳು. ಬೇಡ ಎನ್ನಲು ತನ್ನ ಕೈಯಲ್ಲಿ ಏನಿತ್ತು ಎಂದು ಓಬಮ್ಮ ನನ್ನನ್ನು ಕೇಳಿದಳು. ವಾರ ತುಂಬುವ ಮೊದಲೇ ಕೂಸು ಹೋಯಿತು. ಗಂಡು. ಅಂದಿನಿಂದ ಅವಳು ಯಾರ ಹೆರಿಗೆಗೂ ಹೋಗಿಲ್ಲ.

ಆಮೇಲೆ ಅವಳೇ ಕೇಳಿದಳು:

"ನೀವು ಆವಾಗ ಬಸುರಿ ಇದ್ರಲ್ಲ ತಾಯಿ. ಕೂಸು ಹೆಂಗೈತೆ?"

ಶಾಲೆಗೆ ಹೋಗುತ್ತಿದ್ದಾಳೆ ಎಂದೆ.

"ಹೆರಿಗೆ ಯಾರು ಮಾಡ್ಸಿದ್ರು?"

ನಮ್ಮೂರಿನ ಹಾಲಮ್ಮ ಎಂದೆ.

"ಕಲ್ತಾಕೀನಾ?"

ಹೌದು ಎಂದೆ.

ಓಬಮ್ಮ ತನ್ನ ಅಂಗೈ ನೋಡಿಕೊಂಡಳು. "ಹಂಗಾರೆ ಕಲ್ತರೆ ಬದುಕ್ತಾವೆ ಅನ್ರಿ" ಎಂದಳು.

ನಮ್ಮ ಇಡೀ ಕಚೇರಿ ಮೂರು ತಾಲ್ಲೂಕು ತಿರುಗಿ ಹೇಳಬೇಕಾಗಿದ್ದದ್ದು ಅಷ್ಟೇ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಉತ್ತರ ಬೇಕಾಗಿತ್ತು ಅವಳಿಗೆ.

ಹೌದು ಓಬಮ್ಮ, ಬದುಕುತ್ತವೆ ಎಂದೆ.